ಬಿಸಿಲಿಗೆ ನಿಂತ ಕಾರು

ವೈಶಾಖ ಮಾಸದಲ್ಲಿ ಉಜ್ಜಿನಿಯ ಮರುಳಸಿದ್ಧೇಶ್ವರಸ್ವಾಮಿಯ ಜಾತ್ರೆ ನಡೆಯುತ್ತದೆ. ದೇವಾಲಯದ ಶಿಖರಕ್ಕೆ ಎಣ್ಣೆಯನ್ನೆರೆಯುವ ತೈಲಾಭಿಷೇಕವನ್ನು ಕಾಣಲು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಮೊದಲಾದ ಕಡೆಗಳಿಂದ ಜನರು ಬಂದು ಸೇರುತ್ತಾರೆ. ವರ್ಷದಲ್ಲಿ ಬಿಸಿಲು ಅತ್ಯಂತ ಪ್ರಖರವಾಗಿರುವ ಕಾಲವೂ ಅದೇ. ಈ ಸೀಮೆಯಲ್ಲಿ ಆಗ ನೆರಳಿನ ಉಷ್ಣತೆಯೇ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಇಂಥ ದಿನಗಳಲ್ಲಿ ರಸ್ತೆಯ ಬದಿಯ ಬೇವಿನ ಮರದಡಿಯಲ್ಲಿ ಬಾನೆಟ್ಟನ್ನೆತ್ತಿ ನಿಲ್ಲಿಸಿದ ಹಳೆಯ ಕಾರೊಂದನ್ನು ಕಂಡರೆ ಯಾರೂ ಅಚ್ಚರಿಪಡುವುದಿಲ್ಲ. ಬೆಳಗಿನ ತಂಪಿನಲ್ಲಿ ಸೊಗಸಾಗಿ ಓಡಿದ ಕಾರು ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸಂಜೆ ಯಾರೂ ಏನೂ ಮಾಡದಿದ್ದರೂ ಮತ್ತೆ ಹೊರಡುತ್ತದೆ. ಇದಕ್ಕೆ ಕಾರಣವೇನು?

ನಿಂತ ಕಾರಿನ ಸುತ್ತ ನಾಲ್ವರು ನೆರೆದರೆ ನಾಲ್ಕು ಸಲಹೆಗಳು ಹುಟ್ಟುತ್ತವೆ. ಪಂಪನ್ನು ಬದಲಾಯಿಸಬೇಕೆಂದು ಒಬ್ಬನು ಹೇಳಿದರೆ, ಕಾರ್ಬ್ಯುರೇಟರನ್ನು ಬಿಚ್ಚಬೇಕೆಂದು ಇನ್ನೊಬ್ಬನು ಹೇಳುತ್ತಾನೆ. ಪೆಟ್ರೋಲೇ ಕಲಬೆರಕೆಯೆಂದು ಮೂರನೆಯವನು ತೀರ್ಪು ಕೊಡುತ್ತಾನೆ. ಬಿಸಿಲಿಗೆ ಹೀಗಾಗುವುದು ಸಹಜ, ಸುಮ್ಮನೆ ಕಾಯಬೇಕೆಂಬುದು ನಾಲ್ಕನೆಯವನ ಮತ. ಇವರಲ್ಲಿ ಯಾರ ಮಾತಾದರೂ ನಿಜವಾಗಿರಬಹುದು. ಆದರೆ ಯಾರೂ ಪರೀಕ್ಷಿಸಿ ಹೇಳಿದವರಲ್ಲ. ಊಹೆಯನ್ನು ನಂಬಿ ಬಿಡಿಭಾಗಗಳನ್ನು ಬದಲಾಯಿಸುತ್ತ ಹೋದರೆ ಹಣ ವ್ಯರ್ಥವಾಗುತ್ತದೆ. ಕಾರಿನಲ್ಲಿ ಆಸ್ಪತ್ರೆಗೆ ಹೊರಟ ರೋಗಿಯಿದ್ದರೆ ವ್ಯರ್ಥವಾಗುವುದು ಹಣವಷ್ಟೇ ಅಲ್ಲ. ಆದುದರಿಂದ ಬಿಸಿಲಿನಲ್ಲಿ ಕಾರು ನಿಲ್ಲುವುದರ ಕಾರಣಗಳೇನು, ಅವುಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವ ಬಗೆಯೇನು ಎಂಬುದನ್ನು ತಿಳಿಯುವುದು ಉಪಯುಕ್ತವಾದ ವಿದ್ಯೆ.

ಇಲ್ಲಿ ಹಳೆಯ ಕಾರು ಎಂದರೆ ಕಾರ್ಬ್ಯುರೇಟರ್ ಉಳ್ಳ ಪೆಟ್ರೋಲ್ ಕಾರು ಎಂದು ತಿಳಿಯಬೇಕು. ನಮ್ಮ ದೇಶದಲ್ಲಿ ಈ ವರ್ಗದ ಎರಡು ಕಾರುಗಳು ಎಲ್ಲರಿಗೂ ಪರಿಚಿತ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡ ಅಂಬಾಸಿಡರ್ ಮೊದಲನೆಯದು. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅದು ತಯಾರಾಯಿತು. ಇಟಲಿಯ ಫಿಯಟ್ 1100 ಮಾದರಿಯಿಂದ ಬಂದು, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ಎರಡನೆಯದು. ಇವುಗಳ ತಯಾರಿಕೆ ನಿಂತಿದ್ದರೂ ಹಳೆಯದರ ಮೇಲಿನ ಪ್ರೀತಿಯಿಂದ ಇವನ್ನು ಜೋಪಾನ ಮಾಡಿಕೊಂಡು ಓಡಿಸುವವರು ಇಂದಿಗೂ ಇದ್ದಾರೆ. ಡೀಸೆಲ್ ಎಂಜಿನ್ನಿನ ಅಂಬಾಸಿಡರ್‌ಗಳಿಗೆ ಇಲ್ಲಿ ಹೇಳುವ ವಿಷಯ ಅನ್ವಯಿಸುವುದಿಲ್ಲ. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವ ದ್ರವವಲ್ಲ.

ಕಾರು ಏಕೆ ನಿಂತಿತೆಂಬುದನ್ನು ತಿಳಿಯಬೇಕಾದರೆ ಅದು ಹೇಗೆ ಓಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಈ ಕಾರುಗಳಲ್ಲಿ ಪೆಟ್ರೋಲಿನ ಟ್ಯಾಂಕು ಹಿಂಭಾಗದಲ್ಲಿದೆ, ಎಂಜಿನ್ನು ಮುಂಭಾಗದಲ್ಲಿದೆ. ಇವೆರಡರ ನಡುವೆ ಕಾರಿನ ಅಡಿಯಲ್ಲಿ ಸಣ್ಣ ಲೋಹದ ಕೊಳವೆಯೊಂದು ಹಾದುಹೋಗುತ್ತದೆ. ಸಾಮಾನ್ಯವಾಗಿ ಎಂಜಿನ್ನಿನ ಮಗ್ಗುಲಿಗೇ ಬಿಗಿದಿರುವ ಪಂಪು ಆ ಕೊಳವೆಯ ಮೂಲಕ ಪೆಟ್ರೋಲನ್ನು ಹೀರಿಕೊಂಡು ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಪಂಪಿನೊಳಗಿನ ಪೊರೆಯೊಂದು ಎಂಜಿನ್ನಿನ ಚಲನೆಯಿಂದ ಮೇಲೆ ಕೆಳಗೆ ಆಡುತ್ತದೆ. ಇದನ್ನು ಡಯಾಫ್ರಮ್ ಎನ್ನುತ್ತಾರೆ. ಕಾರ್ಬ್ಯುರೇಟರಿನಲ್ಲಿ ಸಣ್ಣದೊಂದು ಬಟ್ಟಲಿದೆ. ಬಟ್ಟಲು ತುಂಬಿದೊಡನೆ ಅದರಲ್ಲಿ ತೇಲುವ ಗುಂಡು ಮೇಲೆದ್ದು ಪೆಟ್ರೋಲಿನ ದಾರಿಯನ್ನು ಮುಚ್ಚುತ್ತದೆ. ಪೆಟ್ರೋಲು ಖರ್ಚಾದಂತೆ ಗುಂಡು ಇಳಿದು ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಬಟ್ಟಲಿನಲ್ಲಿರುವ ಪೆಟ್ರೋಲು ಸೂಕ್ಷ್ಮರಂಧ್ರಗಳ ಮೂಲಕ ಹೊರಬಂದು ಗಾಳಿಯೊಡನೆ ಬೆರೆತು ಎಂಜಿನ್ನನ್ನು ಸೇರುತ್ತದೆ. ಅಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗುಲಿ ಉರಿಯುತ್ತದೆ. ಎಂಜಿನ್ನು ಓಡಲು ಮೂರು ಸಂಗತಿಗಳು ಬೇಕು: ತಕ್ಕಷ್ಟು ಪೆಟ್ರೋಲು, ತಕ್ಕಷ್ಟು ಗಾಳಿ, ತಕ್ಕ ಹೊತ್ತಿಗೆ ಕಿಡಿ. ಈ ಮೂರರಲ್ಲಿ ಒಂದು ತಪ್ಪಿದರೂ ಎಂಜಿನ್ನು ನಿಲ್ಲುತ್ತದೆ.

ಪೆಟ್ರೋಲು ನೀರಿನಂತೆ ಒಂದೇ ವಸ್ತುವಲ್ಲ. ಅದು ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಪೆಟ್ರೋಲಿಗೆ ಹೀಗೆ ಒಂದೇ ಕುದಿಬಿಂದುವಿಲ್ಲ. ಅದರಲ್ಲಿರುವ ಪೆಂಟೇನ್ 36 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹೆಕ್ಸೇನಿನ ಕುದಿಬಿಂದು 69 ಡಿಗ್ರಿ, ಹೆಪ್ಟೇನಿನದು 98 ಡಿಗ್ರಿ. ಇವುಗಳಿಗಿಂತ ಭಾರವಾದ ಅಂಶಗಳು 200 ಡಿಗ್ರಿಯ ಸಮೀಪದಲ್ಲಿ ಆವಿಯಾಗುತ್ತವೆ. ಹಗುರವಾದ ಅಂಶಗಳು ಇಲ್ಲದಿದ್ದರೆ ಚಳಿಗಾಲದ ಮುಂಜಾನೆ ಎಂಜಿನ್ನು ಹೊತ್ತಿಕೊಳ್ಳುವುದೇ ಕಷ್ಟ. ಆದರೆ ಮುಂಜಾನೆಯಲ್ಲಿ ಉಪಕಾರ ಮಾಡಿದ ಆ ಅಂಶಗಳೇ ಬೇಸಗೆಯ ಮಧ್ಯಾಹ್ನ ಉಪದ್ರವಕ್ಕೆ ಕಾರಣವಾಗುತ್ತವೆ. ಹೊರಗಿನ ಗಾಳಿಯೇ 40 ಡಿಗ್ರಿಯಿರುವಾಗ ಬಾನೆಟ್ಟಿನೊಳಗಿನ ಸೆಕೆ ಅದಕ್ಕಿಂತ ಬಹಳ ಹೆಚ್ಚಾಗಿರುತ್ತದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕುದಿಯುವಿಕೆಯನ್ನು ನಿರ್ಧರಿಸುವುದು ಉಷ್ಣತೆ ಮಾತ್ರವಲ್ಲ. ಒತ್ತಡವೂ ಅದನ್ನು ನಿರ್ಧರಿಸುತ್ತದೆ. ಒತ್ತಡ ಹೆಚ್ಚಾದರೆ ಕುದಿಬಿಂದು ಏರುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದು ಇದರಿಂದಲೇ. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲಡಾಖಿನ ಲೇಹ್ ಪಟ್ಟಣದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಈಗ ಕಾರಿನ ಪಂಪನ್ನು ನೆನೆಯಿರಿ. ಅದು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವುದೆಂದರೆ ಕೊಳವೆಯೊಳಗಿನ ಒತ್ತಡವನ್ನು ಹೊರಗಿನ ವಾಯುವಿನ ಒತ್ತಡಕ್ಕಿಂತ ಕಡಿಮೆ ಮಾಡುವುದೆಂದೇ ಅರ್ಥ. ಅಂದರೆ ಎಂಜಿನ್ನಿನ ಕಾವು ಹೆಚ್ಚಾಗಿ ತಗಲುವ ಸ್ಥಳದಲ್ಲಿಯೇ ಪೆಟ್ರೋಲಿನ ಮೇಲಿನ ಒತ್ತಡ ಅತ್ಯಂತ ಕಡಿಮೆಯಾಗಿರುತ್ತದೆ. ಪೆಟ್ರೋಲು ಅಲ್ಲಿ ಕುದಿದು ಆವಿಯಾಗಲು ಇದಕ್ಕಿಂತ ಅನುಕೂಲವಾದ ಸಂದರ್ಭ ಬೇರೆ ಬೇಕಿಲ್ಲ.

ದ್ರವವು ಆವಿಯಾದಾಗ ನೂರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಕೆಲವೇ ಹನಿಗಳು ಆವಿಯಾದರೂ ಪಂಪಿನ ಒಡಲು ತುಂಬಿಹೋಗುತ್ತದೆ. ದ್ರವವನ್ನು ಅದುಮಿದರೆ ಅದು ಮುಂದಕ್ಕೆ ಸಾಗುತ್ತದೆ. ಆವಿಯನ್ನು ಅದುಮಿದರೆ ಅದು ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ, ಇದ್ದಲ್ಲಿಯೇ ಇರುತ್ತದೆ. ಡಯಾಫ್ರಮ್ ಎಷ್ಟು ಆಡಿದರೂ ಪೆಟ್ರೋಲು ಕಾರ್ಬ್ಯುರೇಟರನ್ನು ತಲುಪುವುದಿಲ್ಲ. ನಮ್ಮ ರೈತರಿಗೆ ಈ ಸಂಗತಿ ಹೊಸದಲ್ಲ. ಬಾವಿಯ ಪಂಪ್‌ಸೆಟ್ಟಿನ ಹೀರುಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಮೋಟಾರು ಭರದಿಂದ ತಿರುಗುತ್ತಿದ್ದರೂ ಒಂದು ಹನಿ ನೀರೂ ಮೇಲೇರುವುದಿಲ್ಲ. ಪಂಪು ಗಾಳಿ ಹಿಡಿದಿದೆಯೆಂದು ಅವರು ಹೇಳುತ್ತಾರೆ, ಕೊಳವೆಗೆ ನೀರು ಹೊಯ್ದು ಗಾಳಿಯನ್ನು ಹೊರಗೆ ಹಾಕುತ್ತಾರೆ. ಕಾರಿನ ಪಂಪು ಆವಿ ಹಿಡಿದು ನಿಲ್ಲುವುದನ್ನು ವೇಪರ್ ಲಾಕ್ ಎಂದು ಕರೆಯುತ್ತಾರೆ. ಆವಿಯ ತಡೆ ಎಂದು ನಾವು ಹೇಳಬಹುದು. ಕಾರು ಏರುದಾರಿಯಲ್ಲಿ ನಿಧಾನವಾಗಿ ಹತ್ತುತ್ತಿರುವಾಗ, ಇಲ್ಲವೆ ಜಾತ್ರೆಯ ಜನಸಂದಣಿಯಲ್ಲಿ ಅಂಗುಲ ಅಂಗುಲವಾಗಿ ಸರಿಯುತ್ತಿರುವಾಗ ಇದು ಸಾಮಾನ್ಯವಾಗಿ ಒದಗುತ್ತದೆ. ಆಗ ಎಂಜಿನ್ನು ದುಡಿಯುತ್ತಿರುತ್ತದೆ, ಅದನ್ನು ತಣಿಸುವ ಎದುರುಗಾಳಿ ಮಾತ್ರ ಇರುವುದಿಲ್ಲ.

ಶಾಖದಿಂದ ಬರುವ ಎರಡನೆಯ ತೊಂದರೆ ಇದಕ್ಕೆ ತೀರ ಭಿನ್ನವಾದುದು. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಬಂದ ಕಾರನ್ನು ಕೂಡ್ಲಿಗಿಯಲ್ಲಿ ನಿಲ್ಲಿಸಿ, ಚಹ ಕುಡಿದು ಹತ್ತು ನಿಮಿಷಗಳ ಮೇಲೆ ಮತ್ತೆ ಹೊರಡಿಸಲು ಪ್ರಯತ್ನಿಸುತ್ತೇವೆಂದು ಭಾವಿಸೋಣ. ಎಂಜಿನ್ನನ್ನು ನಿಲ್ಲಿಸಿದೊಡನೆ ಅದು ತಣಿಯತೊಡಗುತ್ತದೆಂದು ನಾವು ತಿಳಿಯುತ್ತೇವೆ. ಕಾರ್ಬ್ಯುರೇಟರಿನ ವಿಷಯದಲ್ಲಿ ಇದು ನಿಜವಲ್ಲ. ಎಂಜಿನ್ನು ನಿಂತೊಡನೆ ಫ್ಯಾನು ನಿಲ್ಲುತ್ತದೆ, ರೇಡಿಯೇಟರಿನ ನೀರಿನ ಪರಿಚಲನೆ ನಿಲ್ಲುತ್ತದೆ, ಟ್ಯಾಂಕಿನಿಂದ ಬರುತ್ತಿದ್ದ ಪೆಟ್ರೋಲಿನ ಹರಿವೂ ನಿಲ್ಲುತ್ತದೆ. ಕಾದ ಲೋಹದಲ್ಲಿ ಸಂಗ್ರಹವಾಗಿರುವ ಶಾಖವು ಮೇಲಕ್ಕೇರಿ ಕಾರ್ಬ್ಯುರೇಟರನ್ನು ಸೇರುತ್ತದೆ. ಒಲೆಯಿಂದ ಬೆಂಕಿಯನ್ನು ತೆಗೆದ ಮೇಲೂ ಕಾದ ಹೆಂಚಿನ ಮೇಲೆ ರೊಟ್ಟಿ ಸೀಯುವಂತೆ, ಓಡುತ್ತಿದ್ದಾಗ ಕುದಿಯದ ಪೆಟ್ರೋಲು ನಿಂತ ಮೇಲೆ ಬಟ್ಟಲಿನಲ್ಲಿ ಕುದಿಯುತ್ತದೆ. ಹಾಗೆ ಕುದಿದು ಉಕ್ಕಿದ ಪೆಟ್ರೋಲು ಎಂಜಿನ್ನಿನೊಳಕ್ಕೆ ಹರಿಯುತ್ತದೆ. ಮತ್ತೆ ಹೊರಡಿಸುವಾಗ ಅಲ್ಲಿ ಪೆಟ್ರೋಲು ಅತಿಯಾಗಿರುತ್ತದೆ, ಅದಕ್ಕೆ ತಕ್ಕಷ್ಟು ಗಾಳಿ ಇರುವುದಿಲ್ಲ. ಎಂಜಿನ್ನು ತಿರುಗಿದರೂ ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲಿನ ಗಾಢವಾದ ವಾಸನೆ ಮಾತ್ರ ಬರುತ್ತದೆ. ಇನ್ನೂ ಹೆಚ್ಚು ಹೊತ್ತು ಬಿಟ್ಟರೆ ಬಟ್ಟಲು ಪೂರ್ತಿ ಬತ್ತಿಹೋಗಿ, ಪಂಪು ಅದನ್ನು ಮತ್ತೆ ತುಂಬುವವರೆಗೆ ಬಹಳ ಹೊತ್ತು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ.

ಮೊದಲನೆಯ ತೊಂದರೆಯಲ್ಲಿ ಎಂಜಿನ್ನು ಹಸಿದಿದೆ, ಎರಡನೆಯದರಲ್ಲಿ ಅಜೀರ್ಣದಿಂದ ಬಳಲುತ್ತಿದೆ. ಎರಡಕ್ಕೂ ಶಾಖವೇ ಮೂಲ. ಎರಡರಲ್ಲಿಯೂ ಕಾರು ನಿಂತಿದೆ. ಆದರೆ ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ವಿಷವಾಗುತ್ತದೆ. ಪೆಟ್ರೋಲು ಅತಿಯಾಗಿರುವ ಎಂಜಿನ್ನಿಗೆ ಚೋಕನ್ನು ಎಳೆದು, ಆಕ್ಸಿಲರೇಟರನ್ನು ಮತ್ತೆ ಮತ್ತೆ ಒತ್ತಿದರೆ ಇನ್ನಷ್ಟು ಪೆಟ್ರೋಲು ಒಳಗೆ ಸುರಿದು ತೊಂದರೆ ಬೆಳೆಯುತ್ತದೆ. ಚೋಕನ್ನು ಮುಟ್ಟದೆ, ಆಕ್ಸಿಲರೇಟರನ್ನು ಒಂದೇ ಸಲ ತಳದವರೆಗೆ ಒತ್ತಿ ಹಿಡಿದು ಎಂಜಿನ್ನನ್ನು ತಿರುಗಿಸುವುದು ಅಲ್ಲಿ ಸರಿಯಾದ ಕ್ರಮ. ಹೆಚ್ಚು ಗಾಳಿ ಒಳನುಗ್ಗಿ ಒಳಗಿನ ಪೆಟ್ರೋಲು ತೆಳುವಾಗುತ್ತದೆ, ಎಂಜಿನ್ನು ಕೆಮ್ಮುತ್ತ ಹೊತ್ತಿಕೊಳ್ಳುತ್ತದೆ. ಆವಿಯ ತಡೆಯುಂಟಾದ ಎಂಜಿನ್ನಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಪಂಪನ್ನೂ ಕೊಳವೆಯನ್ನೂ ತಣಿಸಬೇಕು.

ತೊಂದರೆಗಳು ಇವೆರಡೇ ಆಗಿದ್ದರೆ ನಿದಾನ ಸುಲಭವಾಗುತ್ತಿತ್ತು. ಇವುಗಳ ವೇಷವನ್ನು ಧರಿಸಿ ಬರುವ ಬೇರೆ ದೋಷಗಳೂ ಇವೆ. ಕಿಡಿಯನ್ನು ಹುಟ್ಟಿಸುವ ಕಾಯಿಲ್ ಮತ್ತು ಕಂಡೆನ್ಸರ್‌ಗಳು ಹಳೆಯವಾದಾಗ ಕಾವೇರಿದೊಡನೆ ದುರ್ಬಲವಾಗುತ್ತವೆ, ತಣಿದ ಮೇಲೆ ಚೇತರಿಸಿಕೊಳ್ಳುತ್ತವೆ. ಆಗಲೂ ಕಾರು ಮಧ್ಯಾಹ್ನ ನಿಂತು ಸಂಜೆ ಹೊರಡುತ್ತದೆ. ಪೆಟ್ರೋಲಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಟ್ಯಾಂಕಿನೊಳಕ್ಕೆ ಗಾಳಿಯಾಡುವ ರಂಧ್ರ ಧೂಳಿನಿಂದ ಮುಚ್ಚಿದ್ದರೆ, ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಸೇರಲಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗುತ್ತದೆ. ಪಂಪು ಅದರ ವಿರುದ್ಧ ಹೀರಲಾರದೆ ಸೋಲುತ್ತದೆ. ಬಿರುಕು ಬಿಟ್ಟ ರಬ್ಬರಿನ ಕೊಳವೆ ಪೆಟ್ರೋಲಿನ ಬದಲು ಗಾಳಿಯನ್ನು ಹೀರಿಕೊಳ್ಳಬಹುದು. ಪಂಪಿನ ಡಯಾಫ್ರಮ್ ಸವೆದಿರಬಹುದು. ಟ್ಯಾಂಕಿನ ತುಕ್ಕು ಬಂದು ಸೋಸುಕವನ್ನು ಕಟ್ಟಿಹಾಕಿರಬಹುದು. ಹೀಗೆ ಕಾರು ನಿಂತಿತೆಂಬ ಲಕ್ಷಣ ಒಂದೇ ಆದರೂ ಕಾರಣಗಳು ಹಲವು.

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಭಾಗದಲ್ಲಿ ಪ್ರಚಲಿತವಾಗಿದೆ. ಉಜ್ಜಿನಿಯ ದೇವಾಲಯದ ಒಳಗಿನ ಕೆತ್ತನೆಯ ಸೊಬಗನ್ನು ಕುರಿತು ಹುಟ್ಟಿದ ಮಾತಿದು. ಯಂತ್ರದ ದೋಷವನ್ನು ಹುಡುಕುವವನಿಗೂ ಇದು ತಕ್ಕ ಉಪದೇಶ. ಹೊರಗಿನ ಲಕ್ಷಣವನ್ನು ಮಾತ್ರ ಕಂಡವನು ಬಿಸಿಲನ್ನು ದೂರಿ ಸುಮ್ಮನಾಗುತ್ತಾನೆ. ಒಳಗೆ ಏನು ನಡೆಯುತ್ತಿದೆಯೆಂಬುದನ್ನು ನೋಡುವವನಿಗೆ ನಿಜವಾದ ಕಾರಣ ಸಿಗುತ್ತದೆ.

ಇಲ್ಲಿ ಮುಖ್ಯವಾದ ಒಂದು ಎಚ್ಚರಿಕೆಯನ್ನು ಮನಸ್ಸಿನಲ್ಲಿಡಬೇಕು. ಅರ್ಧ ಗಂಟೆ ಬಿಟ್ಟಮೇಲೆ ಕಾರು ಹೊರಟಿತು, ಆದ್ದರಿಂದ ಅದು ವೇಪರ್ ಲಾಕೇ ಇರಬೇಕು ಎಂದು ಹಲವರು ತರ್ಕಿಸುತ್ತಾರೆ. ಈ ತರ್ಕ ಸರಿಯಲ್ಲ. ಅರ್ಧ ಗಂಟೆಯಲ್ಲಿ ಪಂಪು ತಣಿಯುತ್ತದೆ, ಕಾರ್ಬ್ಯುರೇಟರು ತಣಿಯುತ್ತದೆ, ಕಾಯಿಲೂ ತಣಿಯುತ್ತದೆ. ಟ್ಯಾಂಕಿನೊಳಕ್ಕೆ ಮೆಲ್ಲಮೆಲ್ಲನೆ ಗಾಳಿಯೂ ಸೇರಿಕೊಳ್ಳುತ್ತದೆ. ಎಲ್ಲ ದೋಷಗಳನ್ನೂ ಒಟ್ಟಿಗೆ ಮರೆಮಾಡುವ ಉಪಾಯವು ಯಾವ ದೋಷವನ್ನೂ ತೋರಿಸಿಕೊಡಲಾರದು. ಜ್ವರ ಬಿಟ್ಟ ಮೇಲೆ ವೈದ್ಯನ ಬಳಿಗೆ ಹೋದವನ ಮೈಯಲ್ಲಿ ಕಾವು ಕಾಣುವುದಿಲ್ಲ. ಅಂತೆಯೇ ತಣಿದ ಕಾರನ್ನು ಮರುದಿನ ಮೇಸ್ತ್ರಿಗೆ ತೋರಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದುದರಿಂದ ಕಾರು ನಿಂತಿರುವಾಗ, ಅದರ ಕಾವು ಇನ್ನೂ ಆರದಿರುವಾಗಲೇ ಪರೀಕ್ಷೆ ನಡೆಯಬೇಕು.

ಪರೀಕ್ಷೆಯ ಮೊದಲ ಹೆಜ್ಜೆ ವಿಚಾರಣೆ. ಕಾರು ಓಡುತ್ತಿರುವಾಗ ಮುಗ್ಗರಿಸಿ ನಿಂತಿತೋ, ನಿಲ್ಲಿಸಿದ ಮೇಲೆ ಹೊರಡದಾಯಿತೋ? ಮುಗ್ಗರಿಸಿ ನಿಂತಿದ್ದರೆ ಪೆಟ್ರೋಲಿನ ಕೊರತೆಯನ್ನು ಶಂಕಿಸಬೇಕು. ಹೊರಡದಿದ್ದರೆ ಪೆಟ್ರೋಲು ಅತಿಯಾಗಿರಬಹುದೆಂದು ಶಂಕಿಸಬೇಕು. ದೀಪವಾರಿದಂತೆ ಒಮ್ಮೆಗೇ ನಿಂತಿದ್ದರೆ ಕಿಡಿಯ ಕಡೆಗೆ ಗಮನ ಹರಿಯಬೇಕು. ತಂಪಾದ ದಿನಗಳಲ್ಲಿಯೂ ಹೀಗೇ ಆಗುತ್ತಿದ್ದರೆ ಬಿಸಿಲು ನಿರಪರಾಧಿ. ಎರಡನೆಯದಾಗಿ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಕಿವಿಗೊಡಬೇಕು. ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಗಿ, ಆಮೇಲೆ ಎಂಜಿನ್ನು ಮೊದಲಿನಂತೆ ಓಡಿದರೆ ಮುಚ್ಚಿಹೋದ ರಂಧ್ರವೇ ಕಾರಣವೆಂದು ತಿಳಿಯಬಹುದು.

ಮೂರನೆಯದು ಕಿಡಿಯ ಪರೀಕ್ಷೆ. ಪೆಟ್ರೋಲಿನ ಯಾವ ಭಾಗವನ್ನೂ ಬಿಚ್ಚುವುದಕ್ಕೆ ಮೊದಲೇ ಇದನ್ನು ಮಾಡಿ ಮುಗಿಸಬೇಕು. ಒಂದು ಪ್ಲಗ್ಗಿನ ತಂತಿಯನ್ನು ಬಿಡಿಸಿ, ಜೊತೆಯಲ್ಲಿ ತಂದಿರುವ ಬೇರೊಂದು ಪ್ಲಗ್ಗಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಕೈಯಿಂದ ಹಿಡಿಯದೆ, ಎಂಜಿನ್ನನ್ನು ತಿರುಗಿಸಿ ನೋಡಬೇಕು. ನೀಲಿಯಾದ ಬಲವಾದ ಕಿಡಿ ಹಾರಿದರೆ ಆ ಭಾಗ ಸರಿಯಾಗಿದೆ. ಹಳದಿಯಾದ ಕ್ಷೀಣವಾದ ಕಿಡಿ ಬಂದರೆ, ಇಲ್ಲವೆ ಕಿಡಿಯೇ ಬಾರದಿದ್ದರೆ, ಪೆಟ್ರೋಲಿನ ವಿಷಯವನ್ನು ಬಿಟ್ಟು ಕಾಯಿಲ್, ಕಂಡೆನ್ಸರ್‌ಗಳನ್ನು ನೋಡಬೇಕು. ಕಿಡಿ ಸರಿಯಾಗಿದ್ದರೆ ನಾಲ್ಕನೆಯ ಹೆಜ್ಜೆ. ಎಂಜಿನ್ನನ್ನು ತಿರುಗಿಸದೆ, ಗಾಳಿಯ ಸೋಸುಕವನ್ನು ತೆಗೆದು, ಒಬ್ಬರು ಆಕ್ಸಿಲರೇಟರನ್ನು ಒಮ್ಮೆ ಒತ್ತುವಾಗ ಇನ್ನೊಬ್ಬರು ತುಸು ದೂರದಿಂದ ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡಬೇಕು. ಬಹುಪಾಲು ಕಾರ್ಬ್ಯುರೇಟರುಗಳಲ್ಲಿ ಬಟ್ಟಲಿನಲ್ಲಿ ಪೆಟ್ರೋಲಿದ್ದರೆ ಸಣ್ಣ ಧಾರೆ ಚಿಮ್ಮುತ್ತದೆ. ಧಾರೆ ಕಾಣದಿದ್ದರೆ ಬಟ್ಟಲು ಬರಿದಾಗಿದೆ. ಅನಂತರ ಒಂದು ಪ್ಲಗ್ಗನ್ನು ಬಿಚ್ಚಿ ನೋಡಿದರೆ ಸಂಶಯ ಇನ್ನಷ್ಟು ಪರಿಹಾರವಾಗುತ್ತದೆ. ತೊಯ್ದ ಪ್ಲಗ್ಗು ಅತಿಯನ್ನೂ ಒಣಗಿದ ಪ್ಲಗ್ಗು ಕೊರತೆಯನ್ನೂ ಸೂಚಿಸುತ್ತದೆ.

ಕೊರತೆಯೆಂದು ಕಂಡುಬಂದರೆ ಕೊನೆಯ ಪರೀಕ್ಷೆ ಒದ್ದೆ ಬಟ್ಟೆಯದು. ನಮ್ಮ ಚಾಲಕರು ಬಹುಕಾಲದಿಂದ ಬಳಸುತ್ತ ಬಂದಿರುವ ಉಪಾಯವಿದು. ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಮಾತ್ರ ಸುತ್ತಬೇಕು. ಬೇರೆ ಯಾವುದನ್ನೂ ತಣಿಸಬಾರದು. ಮಣ್ಣಿನ ಹೂಜಿಯ ಹೊರಮೈಯಿಂದ ನೀರು ಆರುವಾಗ ಒಳಗಿನ ನೀರು ತಂಪಾಗುವಂತೆ, ಬಟ್ಟೆಯ ನೀರು ಆರುತ್ತ ಪಂಪಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ನೀರು ಬೇಗ ಆರುವುದರಿಂದ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಮಂಗಳೂರಿನಂಥ ಕಡಲತೀರದ ತೇವದ ಗಾಳಿಯಲ್ಲಿ ಅಷ್ಟು ಫಲಿಸುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಪೆಟ್ರೋಲು ಮತ್ತೆ ಹರಿದು ಎಂಜಿನ್ನು ಹೊತ್ತಿಕೊಂಡರೆ ಆವಿಯ ತಡೆ ಇತ್ತೆಂಬ ಶಂಕೆ ಬಲವಾಗುತ್ತದೆ. ಪಂಪು ತಣ್ಣಗಾದರೂ ಪೆಟ್ರೋಲು ಬಾರದಿದ್ದರೆ ಡಯಾಫ್ರಮ್, ರಬ್ಬರಿನ ಕೊಳವೆ, ಸೋಸುಕಗಳನ್ನು ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬ ನಿಯಮವನ್ನು ಇಲ್ಲಿ ಗಮನಿಸಿರಿ. ಪಂಪಿನೊಡನೆ ಕಾಯಿಲಿಗೂ ತಂಪು ಮಾಡಿದವನು ಕಾರನ್ನು ಹೊರಡಿಸಬಹುದು. ಆದರೆ ದೋಷ ಎಲ್ಲಿತ್ತೆಂಬುದು ಅವನಿಗೆ ತಿಳಿಯದೇ ಉಳಿಯುತ್ತದೆ.

ಒದ್ದೆ ಬಟ್ಟೆ ಊರು ಸೇರಿಸುತ್ತದೆ, ರೋಗವನ್ನು ಕಳೆಯುವುದಿಲ್ಲ. ಹೊಸದಾಗಿದ್ದಾಗ ಇದೇ ಬಿಸಿಲಿನಲ್ಲಿ ಓಡುತ್ತಿದ್ದ ಕಾರು ಈಗ ಪದೇ ಪದೇ ನಿಲ್ಲುತ್ತಿದ್ದರೆ ಅದರಲ್ಲಿ ಏನೋ ಬದಲಾಗಿರಬೇಕು. ಈ ಪ್ರದೇಶದಲ್ಲಿ ಕೊಳವೆಬಾವಿಗಳ ಗಡಸುನೀರನ್ನು ರೇಡಿಯೇಟರಿಗೆ ತುಂಬುವುದುಂಟು. ಪಾತ್ರೆಯ ತಳದಲ್ಲಿ ಬಿಳಿಯ ಕಿಟ್ಟ ಕಟ್ಟುವಂತೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಅದು ಕಟ್ಟುತ್ತದೆ. ನೀರು ಸರಾಗವಾಗಿ ಹರಿಯದೆ ಎಂಜಿನ್ನು ಇಡೀ ಕಾಯುತ್ತದೆ, ಅದರೊಡನೆ ಪೆಟ್ರೋಲೂ ಕಾಯುತ್ತದೆ. ಫ್ಯಾನಿನ ಬೆಲ್ಟು ಸಡಿಲವಾಗಿದ್ದರೂ, ಕಿಡಿ ಹಾರುವ ಹೊತ್ತು ಹಿಂದೆ ಬಿದ್ದಿದ್ದರೂ ಫಲ ಇದೇ. ಕಾರ್ಬ್ಯುರೇಟರಿನ ಅಡಿಯಲ್ಲಿ ಶಾಖವನ್ನು ತಡೆಯಲು ಇಟ್ಟಿದ್ದ ದಪ್ಪನೆಯ ತುಂಡನ್ನೋ ತಗಡನ್ನೋ ಯಾರೋ ರಿಪೇರಿಯ ವೇಳೆಯಲ್ಲಿ ತೆಗೆದು ಮತ್ತೆ ಹಾಕದೆ ಬಿಟ್ಟಿರಬಹುದು. ಪೆಟ್ರೋಲಿನ ಕೊಳವೆ ಜರುಗಿ ಹೊಗೆಕೊಳವೆಯ ಬಳಿಗೆ ಬಂದಿರಬಹುದು. ಇವನ್ನೆಲ್ಲ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ಟ್ಯಾಂಕಿನ ಬಳಿಯಲ್ಲಿ ಸಣ್ಣ ವಿದ್ಯುತ್ ಪಂಪನ್ನು ಜೋಡಿಸುವ ಮಾರ್ಗವಿದೆ. ಅದು ಹಿಂದಿನಿಂದ ತಳ್ಳುವುದರಿಂದ ಕೊಳವೆಯಲ್ಲಿ ಒತ್ತಡ ಹೆಚ್ಚಿ ಪೆಟ್ರೋಲಿನ ಕುದಿಬಿಂದು ಏರುತ್ತದೆ. ಎಂಜಿನ್ನು ನಿಂತೊಡನೆ ಆ ಪಂಪೂ ನಿಲ್ಲುವ ವ್ಯವಸ್ಥೆಯಿರುವುದು ಅವಶ್ಯ.

ಇಂದಿನ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರ ಬೆರೆತಿರುವುದನ್ನೂ ಇಲ್ಲಿ ಹೇಳಬೇಕು. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದಾದ್ಯಂತ ಹರಡಿತು. ಎಥನಾಲಿನ ಕುದಿಬಿಂದು 78 ಡಿಗ್ರಿ. ಹಾಗಿರುವಾಗ ಅದು ಪೆಟ್ರೋಲಿನ ಕುದಿತವನ್ನು ತಡೆಯಬೇಕಲ್ಲವೇ ಎಂದು ತೋರಬಹುದು. ವಾಸ್ತವವಾಗಿ ಅದು ಪೆಟ್ರೋಲಿನ ಹಗುರ ಅಂಶಗಳೊಡನೆ ಬೆರೆತಾಗ ಆ ಮಿಶ್ರಣ ಇನ್ನೂ ಕಡಿಮೆ ಉಷ್ಣತೆಯಲ್ಲಿ ಆವಿಯಾಗುತ್ತದೆ. ಅಲ್ಲದೆ ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದಾದುದರಿಂದ ಅಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರನ್ನು ಎಥನಾಲ್ ಕೆಡಿಸಬಲ್ಲದು. ಟ್ಯಾಂಕಿನಲ್ಲಿ ಬಹುಕಾಲದಿಂದ ಅಂಟಿಕೊಂಡಿದ್ದ ಕೊಳೆಯನ್ನು ಸಡಿಲಿಸಿ ಸೋಸುಕಕ್ಕೆ ತಂದು ತುಂಬಬಲ್ಲದು. ಆದ್ದರಿಂದ ಹಳೆಯ ಕಾರುಗಳಲ್ಲಿ ಎಥನಾಲಿಗೆ ತಾಳುವ ಕೊಳವೆಗಳನ್ನೂ ಡಯಾಫ್ರಮ್ಮನ್ನೂ ಹಾಕುವುದು ಜಾಣತನ. ಹಾಗೆಂದು ಎಲ್ಲ ದೋಷಗಳನ್ನೂ ಎಥನಾಲಿನ ತಲೆಗೆ ಕಟ್ಟುವುದು ಬಿಸಿಲನ್ನು ದೂರುವಷ್ಟೇ ಅವಸರದ ತೀರ್ಮಾನವಾಗುತ್ತದೆ.

ಆವಿಯ ತಡೆ ಕಾರುಗಳನ್ನು ಮಾತ್ರ ಕಾಡಿದ ಸಮಸ್ಯೆಯಲ್ಲ. ವಿಮಾನಗಳು ಎತ್ತರಕ್ಕೆ ಏರಿದಂತೆ ವಾಯುವಿನ ಒತ್ತಡ ಕಡಿಮೆಯಾಗಿ ಅವುಗಳ ಇಂಧನವೂ ಕೊಳವೆಗಳಲ್ಲಿ ಕುದಿಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ ಇಂಧನದ ಟ್ಯಾಂಕಿನಲ್ಲಿಯೇ ಪಂಪನ್ನು ಇಟ್ಟು ಇದಕ್ಕೆ ಪರಿಹಾರ ಕಂಡುಕೊಂಡರು. ಈಗಿನ ಪೆಟ್ರೋಲ್ ಕಾರುಗಳಲ್ಲಿಯೂ ಪಂಪು ಟ್ಯಾಂಕಿನೊಳಗೆ ಮುಳುಗಿದ್ದು, ವಾಯುವಿನ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಅವು ಈ ಬಿಸಿಲಿಗೆ ಅಂಜದಿರುವುದರ ಗುಟ್ಟು ಇಷ್ಟೇ.

ಈ ಎಲ್ಲ ಪರೀಕ್ಷೆಗಳಲ್ಲಿಯೂ ಮರೆಯಬಾರದ ಸಂಗತಿಯೆಂದರೆ ಪೆಟ್ರೋಲು ಬೆಂಕಿಯ ನೆಂಟ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರ ಆವಿ ಹೊತ್ತಿಕೊಳ್ಳಬಲ್ಲದು. ಆ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ ತಗ್ಗಿನಲ್ಲಿ ಹರಡಿ ನಿಲ್ಲುತ್ತದೆ. ಬಾನೆಟ್ಟು ತೆರೆದಿರುವಾಗ ಹತ್ತಿರದಲ್ಲಿ ಯಾರೂ ಬೀಡಿ ಸೇದಬಾರದು. ಕಾರ್ಬ್ಯುರೇಟರಿಗೆ ಕೈಯಿಂದ ಪೆಟ್ರೋಲು ಸುರಿಯುತ್ತ ಎಂಜಿನ್ನನ್ನು ತಿರುಗಿಸುವುದು ಪ್ರಾಣಾಪಾಯಕರ. ಕೊಳವೆಯಿಂದ ಪೆಟ್ರೋಲನ್ನು ಬಾಯಲ್ಲಿ ಹೀರಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಎರಚಿದರೆ ಅದು ಸೀಳಿಬಿಡಬಹುದು. ಅವಸರದಲ್ಲಿರುವವನು ಇವುಗಳಲ್ಲಿ ಒಂದನ್ನಾದರೂ ಮರೆಯುತ್ತಾನೆ. ಅವಸರದಲ್ಲಿರುವಾಗಲೇ ಕಾರು ನಿಲ್ಲುತ್ತದೆ ಎಂಬುದನ್ನು ನಾವು ಬಲ್ಲೆವು.

ಹಳೆಯ ಕಾರುಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಅವನ್ನು ರಿಪೇರಿ ಮಾಡಬೇಕಾದ ಸಂದರ್ಭ ನಮ್ಮಲ್ಲಿ ಅನೇಕರಿಗೆ ಒದಗದಿರಬಹುದು. ಆದರೆ ಅವು ಕಲಿಸುವ ವಿಚಾರಕ್ರಮ ಕಾರಿನೊಡನೆ ಮುಗಿದುಹೋಗುವಂಥದಲ್ಲ. ಹೊಲದ ಪಂಪು ನೀರೆತ್ತದಿದ್ದಾಗ, ಪೈರು ಬಾಡಿದಾಗ, ಮನೆಯ ಮಗುವಿಗೆ ಜ್ವರ ಬಂದಾಗ ನಮಗೆ ಕಾಣುವುದು ಲಕ್ಷಣ ಮಾತ್ರ. ಒಂದೇ ಲಕ್ಷಣಕ್ಕೆ ಹಲವು ಕಾರಣಗಳಿರಬಹುದೆಂದು ಒಪ್ಪುವುದು, ಯಾವ ಕಾರಣಕ್ಕೆ ಯಾವ ಗುರುತೆಂದು ವಿವೇಚಿಸುವುದು, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸುವುದು, ಪರೀಕ್ಷೆ ಸುಳ್ಳೆಂದು ತೋರಿಸಿದ ಊಹೆಯನ್ನು ಹಟವಿಲ್ಲದೆ ಕೈಬಿಡುವುದು: ವೈದ್ಯನಿಗೂ ವಿಜ್ಞಾನಿಗೂ ಮೇಸ್ತ್ರಿಗೂ ಇದೊಂದೇ ದಾರಿ.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಎಂಜಿನ್ನು ಓಡಲು ಬೇಕಾದ ಮೂರು ಸಂಗತಿಗಳು ಯಾವುವು?
2. ಪೆಟ್ರೋಲಿಗೆ ಒಂದೇ ಕುದಿಬಿಂದು ಇಲ್ಲದಿರುವುದೇಕೆ?
3. ಒಣಗಿದ ಪ್ಲಗ್ಗು ಏನನ್ನು ಸೂಚಿಸುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಂಜಿನ್ನು ನಿಂತ ಮೇಲೆ ಕಾರ್ಬ್ಯುರೇಟರಿನ ಕಾವು ಏರುವುದು ಹೇಗೆ?
2. ‘ತಣಿದ ಮೇಲೆ ಕಾರು ಹೊರಟಿತು, ಆದ್ದರಿಂದ ಅದು ವೇಪರ್ ಲಾಕ್’ ಎಂಬ ತರ್ಕ ಏಕೆ ಸರಿಯಲ್ಲ?
3. ಒದ್ದೆ ಬಟ್ಟೆಯ ಉಪಾಯ ಬಯಲುಸೀಮೆಯಲ್ಲಿ ಹೆಚ್ಚು ಫಲಿಸುವುದೇಕೆ?

ಇ) ನಿಮ್ಮ ಮನೆಯಲ್ಲಿ ಅಥವಾ ಹೊಲದಲ್ಲಿ ಕೆಟ್ಟುನಿಂತ ಯಂತ್ರವೊಂದರ ದೋಷವನ್ನು ಯಾವ ಯಾವ ಹೆಜ್ಜೆಗಳಲ್ಲಿ ಪರೀಕ್ಷಿಸಬಹುದೆಂಬುದನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.